ಗಣಿ ಗುತ್ತಿಗೆಯ ಹಸ್ತಾಂತರ ಮತ್ತು ನೆಲದೊಡೆಯನ ಹಕ್ಕು: ಚಿತ್ರದುರ್ಗ ಜಿಲ್ಲೆಯ ಹಿನ್ನೆಲೆಯಲ್ಲಿ

ಚಿತ್ರದುರ್ಗ ಜಿಲ್ಲೆಯನ್ನು ಕುರಿತ ನಮ್ಮ ಸಂಶೋಧನೆ ಬಹುಮಟ್ಟಿಗೆ ಕೋಟೆ, ಶಾಸನ, ಪಾಳೆಯಗಾರರು, ಮಠಮಾನ್ಯಗಳು ಮತ್ತು ಬುಡಕಟ್ಟು ಸಂಸ್ಕೃತಿಗಳ ಸುತ್ತ ನಡೆದಿದೆ. ಅದೇ ನೆಲದ ಒಡಲಲ್ಲಿರುವ ಅದಿರನ್ನು ತೆಗೆಯುವ ಹಕ್ಕು ಯಾರಿಂದ ಯಾರ ಕೈಗೆ ಹೋಗುತ್ತದೆ, ಹಾಗೆ ಹೋಗುವಾಗ ಮೇಲಿನ ಹೊಲದ ಒಡೆಯನ ಸ್ಥಿತಿ ಏನಾಗುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗದಗದ ಕಡೆಯಿಂದ ದಕ್ಷಿಣಕ್ಕೆ ಹಬ್ಬಿರುವ ಚಿತ್ರದುರ್ಗದ ಶಿಲಾಪಟ್ಟಿಯು ಈ ಜಿಲ್ಲೆಯ ನಡುವೆ ಹಾದುಹೋಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣದಕಲ್ಲು, ತಾಮ್ರಗಳೆಲ್ಲ ಈ ಪಟ್ಟಿಯಲ್ಲಿವೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ರೈತನಿಗೆ ಕಂಪನಿಯೆಂಬುದು ಹೊಸ ಪರಿಚಯವಲ್ಲ. ಮೊದಲು ಅದಿರಿನ ಕಂಪನಿಗಳು ಬಂದವು, ಅನಂತರ ಗಾಳಿಯಂತ್ರದ ಕಂಪನಿಗಳು, ಈಚೆಗೆ ಅನಿಲ ಕೊಳವೆಯವು. ಹಾಗೆ ಬಂದ ಕಂಪನಿ ತನ್ನ ಹಕ್ಕನ್ನು ಇನ್ನೊಂದು ಕಂಪನಿಗೆ ಒಪ್ಪಿಸಿ ಹೊರಟುಹೋದಾಗ ಹಳೆಯ ಬಾಕಿಯನ್ನು ಯಾರಲ್ಲಿ ಕೇಳಬೇಕು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಅಮೆರಿಕದಂತಹ ದೇಶಗಳಲ್ಲಿ ಅನಿಲದ ಬಾವಿ ಕೊರೆಯುವ ಕಂಪನಿಯು ಸಾಮಾನ್ಯವಾಗಿ ನೆಲದೊಡೆಯನಿಂದಲೇ ಗುತ್ತಿಗೆ ಪಡೆಯುತ್ತದೆ. ಅಲ್ಲಿ ಭೂಗರ್ಭದ ಸಂಪತ್ತು ಖಾಸಗಿ ಸ್ವತ್ತಾಗಿರಬಹುದು. ಆದುದರಿಂದ ಗುತ್ತಿಗೆಯನ್ನು ಬೇರೊಂದು ಕಂಪನಿಗೆ ವರ್ಗಾಯಿಸುವಾಗ ಒಡೆಯನ ಒಪ್ಪಿಗೆ ಬೇಕೆಂದು ಪತ್ರದಲ್ಲಿ ಬರೆಸಿಕೊಳ್ಳಲು ಅವನಿಗೆ ಅವಕಾಶವಿದೆ. ನಮ್ಮಲ್ಲಿ ಅನಿಲದ ಬಾವಿಗಳಿಲ್ಲ. ಅದಿರಿನ ಗಣಿಗಳಿವೆ, ಆದರೆ ಅವುಗಳ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವವರು ಇಬ್ಬರೇ: ರಾಜ್ಯ ಸರ್ಕಾರ ಮತ್ತು ಕಂಪನಿ. ನೆಲದೊಡೆಯ ಆ ಪತ್ರದ ಹೊರಗಿರುವ ಮೂರನೆಯವನು. ಅವನಿಗೆ ಹಕ್ಕುಗಳಿಲ್ಲವೆಂದಲ್ಲ. ಆದರೆ ಆ ಹಕ್ಕುಗಳ ಬೆಲೆ ಗುತ್ತಿಗೆಯು ಯಾವ ದಾರಿಯಿಂದ ಕೈಬದಲಾಯಿಸಿತು ಎಂಬುದನ್ನು ಅವಲಂಬಿಸಿದೆ. ಈ ದಾರಿಗಳನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಒಡಲು ಯಾರದು, ಮೇಲ್ಮೈ ಯಾರದು

ಕರ್ನಾಟಕ ಭೂಕಂದಾಯ ಅಧಿನಿಯಮ ೧೯೬೪ರ ೭೦ನೆಯ ಕಲಂ ಗಣಿ ಮತ್ತು ಖನಿಜೋತ್ಪನ್ನಗಳ ಹಕ್ಕನ್ನು ರಾಜ್ಯ ಸರ್ಕಾರದಲ್ಲಿ ನಿಹಿತಗೊಳಿಸಿದೆ. ಇಡೀ ದೇಶಕ್ಕೆ ಅನ್ವಯಿಸುವ ಸಹಜ ನಿಯಮ ಇದೆಂದು ತಿಳಿಯಬಾರದು. ಕೇರಳದ ಮಲಬಾರು ಪ್ರದೇಶದ ಜನ್ಮಿ ಭೂಮಿಗಳನ್ನು ಕುರಿತ ತ್ರೇಸ್ಯಮ್ಮ ಜೇಕಬ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಜುಲೈಯಲ್ಲಿ ತೀರ್ಪು ನೀಡಿತು. ಸಿಂಧುವಾದ ಕಾನೂನು ಕ್ರಮದಿಂದ ಕಿತ್ತುಕೊಂಡಿಲ್ಲದಿದ್ದರೆ ಭೂಗರ್ಭದ ಹಕ್ಕು ಸಾಮಾನ್ಯವಾಗಿ ಭೂಮಿಯ ಒಡೆತನವನ್ನೇ ಅನುಸರಿಸುತ್ತದೆ ಎಂಬುದು ಅದರ ಸಾರ. ೧೯೬೦ರ ಖನಿಜ ರಿಯಾಯಿತಿ ನಿಯಮಗಳಲ್ಲಿಯೂ ಸರ್ಕಾರದ್ದಲ್ಲದ ಖನಿಜಗಳಿಗಾಗಿ ಒಂದು ಪ್ರತ್ಯೇಕ ಅಧ್ಯಾಯವೇ ಇತ್ತು. ಚಿತ್ರದುರ್ಗದ ಪಟ್ಟಾದಾರನಿಗೆ ಈ ವಾದ ಸುಲಭವಾಗಿ ಒದಗುವುದಿಲ್ಲ, ೭೦ನೆಯ ಕಲಮು ಎದುರಿಗಿದೆ. ಅವನ ವ್ಯವಹಾರವೆಲ್ಲ ಮೇಲ್ಮೈಗೆ ಸೀಮಿತ.

ಜಿಲ್ಲೆಯ ಗಣಿಗಳಲ್ಲಿ ಬಹಳಷ್ಟು ಭಾಗ ಗುಡ್ಡಗಳ ಅರಣ್ಯಭೂಮಿಯಲ್ಲಿದೆ. ರೈತನ ಹಿಡುವಳಿ ಸಾಮಾನ್ಯವಾಗಿ ಗುಡ್ಡದ ಬುಡದಲ್ಲಿ ಇರುತ್ತದೆ. ಅಂತಹ ಹೊಲ ಗುತ್ತಿಗೆಯ ಗಡಿಯೊಳಗಿದ್ದರೆ ಗಣಿ ಕಾನೂನು ಹೇಳುವ ಪರಿಹಾರಕ್ಕೆ ಅದರ ಒಡೆಯ ಅರ್ಹ. ಗಡಿಯಿಂದ ಹೊರಗಿದ್ದು ಅದಿರಿನ ಲಾರಿಗಳ ಧೂಳಿನಿಂದಲೋ, ಮಳೆಗಾಲದಲ್ಲಿ ಕೊಚ್ಚಿಬಂದ ಗಣಿಮಣ್ಣಿನಿಂದಲೋ ಹಾಳಾದರೆ ಅವನ ಸ್ಥಾನ ಬೇರೆ. ಅವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು, ಇಲ್ಲವೆ ಪರಿಸರ ಸಂಬಂಧದ ಪರಿಹಾರಗಳನ್ನು ಹುಡುಕಬೇಕು. ಭೀಮಸಮುದ್ರದ ಸುತ್ತಿನ ಅಡಿಕೆ ತೋಟದವರ ದೂರು ಬಹುಪಾಲು ಈ ಎರಡನೆಯ ಬಗೆಯದು. ಗಡಿಯ ಕಲ್ಲು ಹೊಲದ ಆಚೆ ಬದಿಯಲ್ಲಿದೆಯೋ ಈಚೆ ಬದಿಯಲ್ಲಿದೆಯೋ ಎಂಬುದೇ ಹಕ್ಕಿನ ಸ್ವರೂಪವನ್ನು ನಿರ್ಧರಿಸುತ್ತದೆ. ಗಣಿಗಳ ಗಡಿ ವಿವಾದಗಳನ್ನು ಸರ್ಕಾರ ಮತ್ತು ಕಂಪನಿಗಳ ನಡುವಣ ಜಗಳವೆಂದು ಮಾತ್ರ ನೋಡಿದವರು ಈ ಅಂಶವನ್ನು ಗಮನಿಸಬೇಕು.

ಒಪ್ಪಿಗೆ ಮತ್ತು ಪರಿಹಾರ

೧೯೬೦ರ ನಿಯಮಗಳ ೨೨ನೆಯ ನಿಯಮದ ಪ್ರಕಾರ, ಗುತ್ತಿಗೆಗೆ ಅರ್ಜಿ ಹಾಕುವವನು ಆ ಭೂಮಿ ತನ್ನದಲ್ಲದಿದ್ದರೆ ಮೇಲ್ಮೈ ಹಕ್ಕನ್ನು ಪಡೆದಿರುವುದಾಗಿ, ಅಥವಾ ಕೆಲಸ ಆರಂಭಿಸಲು ಒಡೆಯನ ಒಪ್ಪಿಗೆ ಪಡೆದಿರುವುದಾಗಿ ಲಿಖಿತ ಹೇಳಿಕೆ ಕೊಡಬೇಕಾಗಿತ್ತು. ಈ ಮಾತಿಗೆ ಅಂಟಿಕೊಂಡಿದ್ದ ಪರಂತುಕಗಳು ಹೆಚ್ಚು ಮುಖ್ಯವಾದವು. ಗುತ್ತಿಗೆ ಪತ್ರವಾದ ಮೇಲೆ, ಭೂಮಿಯನ್ನು ಪ್ರವೇಶಿಸುವ ಮೊದಲು ಒಪ್ಪಿಗೆಯನ್ನು ತಂದರೂ ಸಾಕು ಎಂದು ಒಂದು ಪರಂತುಕ ಹೇಳುತ್ತಿತ್ತು. ಮೊದಲ ಬಾರಿ ಒಪ್ಪಿಗೆ ಸಿಕ್ಕಿದ್ದರೆ ನವೀಕರಣದ ಕಾಲದಲ್ಲಿ ಮತ್ತೆ ಬೇಕಿಲ್ಲ ಎಂದು ಇನ್ನೊಂದು ಹೇಳುತ್ತಿತ್ತು. ಅಂದರೆ ತಂದೆಯ ಕಾಲದಲ್ಲಿ ಹಾಕಿದ ಹೆಬ್ಬೆಟ್ಟು ಮಗನ ಕಾಲದ ನವೀಕರಣಕ್ಕೂ ಸಲ್ಲುತ್ತಿತ್ತು.

ಒಡೆಯ ಒಪ್ಪದಿದ್ದರೆ? ಮಾದರಿ ಗುತ್ತಿಗೆ ಪತ್ರದಲ್ಲಿ ಇದಕ್ಕೂ ದಾರಿಯಿತ್ತು. ಕಂಪನಿಯು ತಾನು ಕೊಡಲೊಪ್ಪಿದ ಪರಿಹಾರವನ್ನು ಸರ್ಕಾರದಲ್ಲಿ ಠೇವಣಿ ಇಡಬೇಕು. ಆ ಮೊತ್ತ ನ್ಯಾಯವಾದುದೆಂದು ಸರ್ಕಾರಕ್ಕೆ ತೋರಿದರೆ, ಪ್ರವೇಶಕ್ಕೆ ಅವಕಾಶ ಕೊಡುವಂತೆ ಅದು ಅನುಭವದಾರನಿಗೆ ಆದೇಶಿಸುತ್ತದೆ. ಹೀಗಾಗಿ ಒಪ್ಪಿಗೆಯೆಂಬುದು ತಡೆಯುವ ಅಧಿಕಾರವಲ್ಲ, ಬೆಲೆಯನ್ನು ಕುರಿತು ಮಾತಾಡುವ ಒಂದು ಅವಕಾಶವಷ್ಟೆ.

ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ ೧೯೫೭ಕ್ಕೆ ೧೯೮೬ರ ತಿದ್ದುಪಡಿಯಿಂದ ಸೇರಿದ ೨೪ಎ ಕಲಂ ಈ ವ್ಯವಹಾರದ ತಳಹದಿ. ಗುತ್ತಿಗೆದಾರನಿಗೆ ಭೂಮಿಯನ್ನು ಪ್ರವೇಶಿಸುವ ಅಧಿಕಾರವನ್ನು ಅದು ಕೊಡುತ್ತದೆ. ಮನೆಗೆ, ಮನೆಗೆ ಸೇರಿದ ಅಂಗಳ ಅಥವಾ ತೋಟಕ್ಕೆ ವಾಸಿಸುವವನ ಒಪ್ಪಿಗೆಯಿಲ್ಲದೆ ಹೋಗುವುದಾದರೆ ಏಳು ದಿನಗಳ ಲಿಖಿತ ಸೂಚನೆ ಬೇಕೆನ್ನುತ್ತದೆ. ಕೆಲಸದಿಂದ ಆಗುವ, ಆಗಬಹುದಾದ ನಷ್ಟಕ್ಕೆ ಗುತ್ತಿಗೆದಾರನೇ ಹೊಣೆಯೆಂದು ವಿಧಿಸುತ್ತದೆ. ಇಲ್ಲಿ ಬಳಸಿರುವ ಪದ ಮೇಲ್ಮೈಯ ಒಡೆಯ ಎಂದಲ್ಲ, ಅನುಭವದಾರ ಎಂದು. ಗುಡ್ಡದ ಬುಡದಲ್ಲಿ ಸಾಗುವಳಿ ಮಾಡಿಕೊಂಡು ಮಂಜೂರಾತಿಗಾಗಿ ಕಾದಿರುವ ಬಗರ್ ಹುಕುಂ ರೈತರು ಈ ಜಿಲ್ಲೆಯಲ್ಲಿ ಇರುವುದರಿಂದ ಈ ಪದದ ಆಯ್ಕೆ ಉಪೇಕ್ಷಿಸುವಂಥದಲ್ಲ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಸ್ವಾಧೀನವನ್ನು ರುಜುವಾತುಪಡಿಸಬಲ್ಲವನು ಕನಿಷ್ಠಪಕ್ಷ ಬೆಳೆನಷ್ಟದ ಪ್ರಶ್ನೆಯನ್ನು ಎತ್ತಬಹುದೆಂದು ಈ ಲೇಖಕನ ಅಭಿಪ್ರಾಯ.

ಪರಿಹಾರದ ಲೆಕ್ಕವನ್ನು ೭೨ ಮತ್ತು ೭೩ನೆಯ ನಿಯಮಗಳು ಹೇಳುತ್ತಿದ್ದವು. ೨೦೧೬ರ ಹೊಸ ನಿಯಮಗಳಲ್ಲಿಯೂ ಮೇಲ್ಮೈಯ ಪರಿಹಾರದ ತತ್ತ್ವ ಮುಂದುವರಿದಿದೆ. ಕೃಷಿಭೂಮಿಯಾದರೆ ಅಂಥದೇ ಭೂಮಿಯ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯವೇ ವಾರ್ಷಿಕ ಪರಿಹಾರ. ಕಾವೇರಿ ಕಾಲುವೆಯ ಗದ್ದೆಗೆ ಈ ಅಳತೆ ಒಪ್ಪಬಹುದು. ಹಿರಿಯೂರಿನ ಮಳೆಯಾಶ್ರಿತ ಶೇಂಗಾ ಹೊಲಕ್ಕೆ ಇದನ್ನು ಹಿಡಿದರೆ, ಮೂರು ವರ್ಷ ಬರ ಬಿದ್ದಲ್ಲಿ ನಿವ್ವಳ ಆದಾಯ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಬರದ ಸಂಕಟವೇ ಪರಿಹಾರವನ್ನು ಕಡಿಮೆ ಮಾಡುವ ಕಾರಣವಾಗುತ್ತದೆ. ಹೊಳಲ್ಕೆರೆ ಕಡೆಯ ಎಳೆಯ ಅಡಿಕೆ ತೋಟದ ಗತಿ ಇನ್ನೂ ವಿಚಿತ್ರ: ಫಸಲು ಬರಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಖರ್ಚು ಉಂಟು, ಆದಾಯವಿಲ್ಲ. ಈ ಸೂತ್ರವನ್ನು ಬರೆದವರ ಕಣ್ಣಮುಂದೆ ಒಣಭೂಮಿಯ ರೈತನಾಗಲಿ ತೋಟಗಾರನಾಗಲಿ ಇದ್ದಂತೆ ತೋರುವುದಿಲ್ಲ.

೭೩ನೆಯ ನಿಯಮ ಬೇರೆಯ ಕಾಲಕ್ಕೆ ಸೇರಿದ್ದು. ಗುತ್ತಿಗೆ ಕೊನೆಗೊಂಡ ಮೇಲೆ ಭೂಮಿಗಾದ ಹಾನಿಯನ್ನು ಸರ್ಕಾರ ನೇಮಿಸಿದ ಅಧಿಕಾರಿಯು ಒಂದು ವರ್ಷದೊಳಗೆ ಅಳೆದು ಪರಿಹಾರ ನಿರ್ಧರಿಸಬೇಕು ಎಂಬುದು ಅದರ ವಿಧಿ. ‘ಕೊನೆಗೊಂಡ ಮೇಲೆ’ ಎಂಬ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರಿಕೆ. ಮುಂದಿನ ಚರ್ಚೆ ಬಹಳಷ್ಟು ಇದರ ಮೇಲೆ ನಿಂತಿದೆ.

ಕೈಬದಲಾಗುವ ದಾರಿಗಳು

ಮೊದಲನೆಯದು ಸರ್ಕಾರದ ಪೂರ್ವಾನುಮತಿಯಿಂದ ಆಗುವ ವರ್ಗಾವಣೆ. ೧೯೬೦ರ ನಿಯಮಗಳ ೩೭ನೆಯ ನಿಯಮವು ಲಿಖಿತ ಅನುಮತಿಯಿಲ್ಲದೆ ಗುತ್ತಿಗೆಯನ್ನು ಪರಭಾರೆ ಮಾಡುವುದನ್ನೂ ಒಳಗುತ್ತಿಗೆ ಕೊಡುವುದನ್ನೂ ನಿಷೇಧಿಸಿತ್ತು. ಹಳಬನಿಗಿದ್ದ ಎಲ್ಲ ಷರತ್ತು ಮತ್ತು ಹೊಣೆಗಳನ್ನು ಹೊಸಬನು ಒಪ್ಪಿಕೊಳ್ಳದಿದ್ದರೆ ಸರ್ಕಾರ ಅನುಮತಿ ಕೊಡಕೂಡದು ಎಂದೂ ಹೇಳಿತ್ತು. ನೆಲದೊಡೆಯನಿಗೆ ಇದೇ ಅತ್ಯಂತ ಗಟ್ಟಿಯಾದ ಆಸರೆ. ಗುತ್ತಿಗೆ ಇಲ್ಲಿ ಕೊನೆಗೊಳ್ಳುವುದಿಲ್ಲ, ಹಿಡಿದವನ ಹೆಸರು ಮಾತ್ರ ಬದಲಾಗುತ್ತದೆ. ಬಾಕಿಯಿದ್ದ ವಾರ್ಷಿಕ ಪರಿಹಾರವೂ ಆಗಿಹೋದ ಹಾನಿಯ ಹೊಣೆಯೂ ಹೊಸ ಕಂಪನಿಯ ಹೆಗಲಿಗೆ ಏರುತ್ತವೆ. ಆದರೆ ಗುತ್ತಿಗೆ ಮುಗಿದಿಲ್ಲವಾದ ಕಾರಣ ೭೩ನೆಯ ನಿಯಮದ ಅಳತೆಯೂ ಆಗ ನಡೆಯುವುದಿಲ್ಲ. ಯಾವ ಹಾನಿ ಯಾರ ಕಾಲದ್ದೆಂದು ಗುರುತಿಸುವ ದಾಖಲೆ ಹುಟ್ಟುವುದೇ ಇಲ್ಲ.

೨೦೧೫ರ ತಿದ್ದುಪಡಿಯಿಂದ ಈ ವಿಷಯ ಅಧಿನಿಯಮದ ೧೨ಎ ಕಲಮಿಗೆ ಬಂತು. ಹರಾಜಿನಲ್ಲಿ ಪಡೆದ ಗುತ್ತಿಗೆಗಳನ್ನು ಮಾತ್ರ ವರ್ಗಾಯಿಸಬಹುದೆಂದು ಮೊದಲು ಇದ್ದ ನಿರ್ಬಂಧವನ್ನು ೨೦೧೬ ಮತ್ತು ೨೦೨೧ರ ತಿದ್ದುಪಡಿಗಳು ಸಡಿಲಿಸಿದವು. ಸೂಚನೆ ಮುಟ್ಟಿದ ತೊಂಬತ್ತು ದಿನಗಳೊಳಗೆ ರಾಜ್ಯ ಸರ್ಕಾರ ಏನನ್ನೂ ತಿಳಿಸದಿದ್ದರೆ ಅದಕ್ಕೆ ಆಕ್ಷೇಪಣೆ ಇಲ್ಲವೆಂದೇ ಭಾವಿಸತಕ್ಕದ್ದು ಎಂದು ೧೨ಎ ಹೇಳುತ್ತದೆ. ಈ ತೊಂಬತ್ತು ದಿನಗಳಲ್ಲಿ ನೆಲದೊಡೆಯನಿಗೆ ಸುದ್ದಿ ಮುಟ್ಟಿಸಬೇಕೆಂಬ ಮಾತು ಆ ಕಲಮಿನಲ್ಲಿಲ್ಲ. ಹೊಸಬನು ಹಳಬನಿಗೆ ಕೊಡುವ ಪ್ರತಿಫಲವನ್ನು ಸರ್ಕಾರಕ್ಕೆ ತಿಳಿಸಬೇಕು, ಅಷ್ಟೆ. ೨೦೧೩ರ ಭೂಸ್ವಾಧೀನ ಅಧಿನಿಯಮದ ೧೦೨ನೆಯ ಕಲಮನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸ್ವಾಧೀನಪಡಿಸಿಕೊಂಡ ಭೂಮಿಯನ್ನು ಅಭಿವೃದ್ಧಿಪಡಿಸದೆ ಐದು ವರ್ಷದೊಳಗೆ ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ಕೊಟ್ಟರೆ ಏರಿದ ಬೆಲೆಯ ಶೇ. ೪೦ ಭಾಗ ಮೂಲ ಒಡೆಯರಿಗೆ ಸಲ್ಲಬೇಕೆಂದು ಅದು ವಿಧಿಸುತ್ತದೆ. ಗಣಿ ಗುತ್ತಿಗೆಯ ಮಾರಾಟದಲ್ಲಿ ಇಂತಹ ಪಾಲಿನ ಕಲ್ಪನೆಯೇ ಇಲ್ಲ.

ಎರಡನೆಯ ದಾರಿ ಕದ್ದು ಮಾಡಿದ್ದು. ಇದಕ್ಕೆ ನಮ್ಮ ರಾಜ್ಯದಲ್ಲಿ ‘ರೈಸಿಂಗ್ ಕಾಂಟ್ರಾಕ್ಟ್’ ಎಂಬ ಹೆಸರು ರೂಢಿಗೆ ಬಂತು. ಗುತ್ತಿಗೆ ಒಬ್ಬನ ಹೆಸರಿನಲ್ಲಿ ಇರುತ್ತದೆ, ಅದಿರು ತೆಗೆಯುವವನು, ಸಾಗಿಸುವವನು, ಮಾರುವವನು ಇನ್ನೊಬ್ಬ. ಮೊದಲಿನವನಿಗೆ ಟನ್ನಿಗಿಷ್ಟು ಎಂದು ಹಣ ಬರುತ್ತದೆ. ಗಣಿಯ ಕೆಲಸವನ್ನು ಹೊರಗಿನವರು ಬಹುಮಟ್ಟಿಗೆ ನಿಯಂತ್ರಿಸುವ ಯಾವ ಒಡಂಬಡಿಕೆಯನ್ನೂ ೩೭ನೆಯ ನಿಯಮ ನಿಷೇಧಿಸಿತ್ತು, ಅದನ್ನು ಮೀರಿದರೆ ಗುತ್ತಿಗೆಯನ್ನು ರದ್ದುಪಡಿಸುವ ಅಧಿಕಾರ ಸರ್ಕಾರಕ್ಕಿತ್ತು. ೨೦೦೮ರ ಡಿಸೆಂಬರ್ ಮತ್ತು ೨೦೧೧ರ ಜುಲೈ ತಿಂಗಳುಗಳಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಗಳು ಈ ನಿಯಮದ ಉಲ್ಲಂಘನೆಯನ್ನು ವಿಸ್ತಾರವಾಗಿ ಚರ್ಚಿಸಿವೆ. ವರದಿಗಳನ್ನು ಓದಿದವರು ರಾಜಧನದ ನಷ್ಟ, ಅರಣ್ಯನಾಶ, ರಫ್ತಿನ ಅವ್ಯವಹಾರಗಳನ್ನು ಗಮನಿಸಿದ್ದಾರೆ. ಹೊಲದವನ ದೃಷ್ಟಿಯಿಂದ ನೋಡಿದರೆ ನಷ್ಟ ಇನ್ನೊಂದು ಬಗೆಯದು. ಗುತ್ತಿಗೆದಾರನನ್ನು ಕೇಳಿದರೆ ಕೆಲಸ ಮಾಡಿದವನು ತಾನಲ್ಲ ಎನ್ನಬಹುದು. ಕೆಲಸ ಮಾಡಿದವನನ್ನು ಕೇಳಿದರೆ ಗುತ್ತಿಗೆ ತನ್ನದಲ್ಲ ಎನ್ನಬಹುದು. ಕಾನೂನಿನಲ್ಲಿ ಉತ್ತರ ಸ್ಪಷ್ಟವಾಗಿದೆ: ೨೪ಎ ಕಲಮಿನ ಹೊಣೆ ಗುತ್ತಿಗೆ ಯಾರ ಹೆಸರಿನಲ್ಲಿದೆಯೋ ಅವನದೇ. ಒಳ ಒಪ್ಪಂದವನ್ನು ತೋರಿಸಿ ಅವನು ನುಣುಚಿಕೊಳ್ಳಲಾರ.

ಮೂರನೆಯದು ಕಂಪನಿಯೇ ಕೈಬದಲಾಗುವುದು. ಚಿತ್ರದುರ್ಗ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿ ಹೊಂದಿದ್ದ ಸೇಸಾ ಗೋವಾ ಕಂಪನಿಯಲ್ಲಿ ಜಪಾನಿನ ಮಿತ್ಸುಯಿ ಸಂಸ್ಥೆಗಿದ್ದ ಶೇ. ೫೧ರಷ್ಟು ಷೇರುಗಳನ್ನು ೨೦೦೭ರಲ್ಲಿ ವೇದಾಂತ ಸಮೂಹ ಕೊಂಡಿತು. ೨೦೧೩ರಲ್ಲಿ ಸೇಸಾ ಗೋವಾ ಮತ್ತು ಸ್ಟರ್ಲೈಟ್ ಒಂದಾಗಿ ಸೇಸಾ ಸ್ಟರ್ಲೈಟ್ ಆಯಿತು. ೨೦೧೫ರಲ್ಲಿ ಅದರ ಹೆಸರು ವೇದಾಂತ ಲಿಮಿಟೆಡ್ ಎಂದಾಯಿತು. ಮೇಲಿನಿಂದ ನೋಡಿದರೆ ಎಂಟು ವರ್ಷಗಳಲ್ಲಿ ಮೂರು ಬದಲಾವಣೆ. ಕಾನೂನಿನಲ್ಲಿ ಇವು ಮೂರೂ ಬೇರೆ ಬೇರೆ. ಷೇರು ಮಾರಾಟದಲ್ಲಿ ಗುತ್ತಿಗೆದಾರ ಕಂಪನಿ ಹಾಗೆಯೇ ಇರುತ್ತದೆ, ಅದರ ಒಡೆಯರು ಬದಲಾಗುತ್ತಾರೆ. ಆದುದರಿಂದ ಹೊಣೆ ಎಲ್ಲಿಯೂ ಹೋಗುವುದಿಲ್ಲ. ವಿಲೀನದಲ್ಲಿ ನ್ಯಾಯಾಲಯ ಅಥವಾ ಕಂಪನಿ ನ್ಯಾಯಮಂಡಳಿಯ ಆದೇಶದ ಬಲದಿಂದ ಆಸ್ತಿಯೂ ಋಣವೂ ಜೊತೆಯಾಗಿ ಹೊಸ ಕಂಪನಿಗೆ ಹೋಗುತ್ತವೆ. ಹೆಸರು ಬದಲಾವಣೆಯಿಂದ ಏನೂ ಆಗುವುದಿಲ್ಲ. ಇಂಗಳದಾಳಿನ ತಾಮ್ರದ ಗಣಿಯೂ ಚಿತ್ರದುರ್ಗ ತಾಮ್ರ ಕಂಪನಿಯಿಂದ ಹಟ್ಟಿ ಚಿನ್ನದ ಗಣಿ ಸಂಸ್ಥೆಯ ಒಂದು ಘಟಕವಾಗಿ ಬದಲಾದುದನ್ನು ಇಲ್ಲಿ ನೆನೆಯಬಹುದು. ಬೋರ್ಡು ಬದಲಾದೊಡನೆ ಹಳೆಯ ಕಂಪನಿ ಸತ್ತುಹೋಯಿತೆಂದು ಭಾವಿಸಿ ಬಾಕಿಯನ್ನು ಕೈಬಿಡುವುದು ತಪ್ಪು.

ವಿಲೀನಕ್ಕೆ ಆಕ್ಷೇಪಣೆ ಸಲ್ಲಿಸಲು ಸಣ್ಣ ರೈತನಿಗೆ ಸಾಧ್ಯವೆ? ಕಂಪನಿಗಳ ಅಧಿನಿಯಮ ೨೦೧೩ರ ೨೩೦ನೆಯ ಕಲಮಿನ ಪ್ರಕಾರ ಆಕ್ಷೇಪಿಸುವವನು ಕನಿಷ್ಠ ಶೇ. ೧೦ರಷ್ಟು ಷೇರು ಅಥವಾ ಒಟ್ಟು ಬಾಕಿ ಸಾಲದ ಶೇ. ೫ರಷ್ಟನ್ನು ಹೊಂದಿರಬೇಕು. ನಾಲ್ಕೆಕರೆಯ ಪರಿಹಾರಬಾಕಿ ಎಷ್ಟೇ ವರ್ಷದ್ದಾದರೂ ಅಷ್ಟಾಗದು. ಇದಕ್ಕಿಂತ ಅಪಾಯಕಾರಿಯಾದುದು ದಿವಾಳಿ ಸಂಹಿತೆ ೨೦೧೬ರ ದಾರಿ. ಅಲ್ಲಿ ಮಂಜೂರಾದ ಯೋಜನೆಯು ಎಲ್ಲರನ್ನೂ ಬಂಧಿಸುತ್ತದೆ, ಯೋಜನೆಯಲ್ಲಿ ಸೇರದ ಹಕ್ಕುಸಾಧನೆಗಳು ಅಳಿದುಹೋಗುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯ ೨೦೨೧ರ ಘನಶ್ಯಾಮ ಮಿಶ್ರಾ ತೀರ್ಪಿನಲ್ಲಿ ಹೇಳಿದೆ. ಗಣಿಯಿರುವ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ಪತ್ರಿಕೆಯಲ್ಲಿ ಬಂದ ಪ್ರಕಟಣೆಯನ್ನು ನೋಡಿ ಗೊತ್ತಾದ ಅವಧಿಯೊಳಗೆ ಲೆಕ್ಕ ಸಲ್ಲಿಸಿದವನ ಬಾಕಿ ಮಾತ್ರ ಪರಿಗಣನೆಗೆ ಬರುತ್ತದೆ. ಉಳಿದ ಎಲ್ಲ ದಾರಿಗಳಲ್ಲಿ ರೈತನ ಹಕ್ಕು ನಿಧಾನವಾಗಿ ಸವೆಯುತ್ತದೆ. ಇಲ್ಲಿ ಮಾತ್ರ ಒಂದೇ ದಿನದಲ್ಲಿ ಇಲ್ಲವಾಗಬಹುದು.

ನಾಲ್ಕನೆಯದು ಗುತ್ತಿಗೆ ಸತ್ತು ಮತ್ತೆ ಹುಟ್ಟುವುದು. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೧ರ ಜುಲೈ ೨೯ರಂದು ಬಳ್ಳಾರಿಯಲ್ಲಿಯೂ ಆಗಸ್ಟ್ ೨೬ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಕೇಂದ್ರ ಉನ್ನತಾಧಿಕಾರ ಸಮಿತಿಯ ಸರ್ವೇಕ್ಷಣೆಯ ಆಧಾರದ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ೨೦೧೩ರ ಏಪ್ರಿಲ್ ೧೮ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಅವುಗಳನ್ನು ಮುಂದೆ ಹರಾಜಿಗೆ ಇಡಲಾಯಿತು. ಇನ್ನುಳಿದ ಸ್ವಂತ ಕಾರ್ಖಾನೆಯಿಲ್ಲದ ಹಳೆಯ ಗುತ್ತಿಗೆಗಳಿಗೆ ಅಧಿನಿಯಮದ ೮ಎ ಕಲಂ ಕೊನೆಯ ಗಡುವನ್ನು ಹಾಕಿತ್ತ. ಐವತ್ತು ವರ್ಷದ ಲೆಕ್ಕದಲ್ಲಿ ಅವಧಿ ಮೊದಲೇ ಮುಗಿಯುತ್ತಿದ್ದಂಥವು ೨೦೨೦ರ ಮಾರ್ಚ್ ೩೧ಕ್ಕೆ ಮುಗಿದವು.

ಇಲ್ಲಿ ಗುತ್ತಿಗೆ ನಿಜವಾಗಿ ಕೊನೆಗೊಳ್ಳುತ್ತದೆ. ಆದುದರಿಂದ ಹಾನಿಯ ಅಳತೆಯ ಹಕ್ಕು ಜೀವ ಪಡೆಯುತ್ತದೆ, ಹಳೆಯ ಹಾನಿಗೆ ಹಳೆಯ ಗುತ್ತಿಗೆದಾರನೇ ಹೊಣೆಯಾಗುತ್ತಾನೆ. ಹರಾಜಿನಲ್ಲಿ ಗೆದ್ದವನು ಅವನ ವಾರಸುದಾರನಲ್ಲ. ಹೀಗೆ ಒಂದೇ ಗುಡ್ಡದ ಒಂದೇ ಹೊಲಕ್ಕೆ, ವರ್ಗಾವಣೆಯಾದರೆ ಸಾಲಗಾರ ಹೊಸ ಕಂಪನಿ, ರದ್ದಾಗಿ ಹರಾಜಾದರೆ ಸಾಲಗಾರ ಹಳೆಯ ಕಂಪನಿ. ತಪ್ಪು ಬಾಗಿಲನ್ನು ತಟ್ಟಿದವನು ವರ್ಷಗಳನ್ನು ಕಳೆದುಕೊಳ್ಳುತ್ತಾನೆ. ೨೦೧೧ರಿಂದ ಗಣಿ ನಿಂತಿದ್ದ ಅವಧಿಯ ವಾರ್ಷಿಕ ಪರಿಹಾರವೂ ಇದೇ ಬಗೆಯ ಪ್ರಶ್ನೆ. ಅದಿರು ಹೊರಡಲಿಲ್ಲವೆಂಬುದು ನಿಜ, ಆದರೆ ಗುತ್ತಿಗೆ ಊರ್ಜಿತದಲ್ಲಿತ್ತು, ಹೊಲ ಅಗೆದ ಸ್ಥಿತಿಯಲ್ಲಿಯೇ ಇತ್ತು. ಪರಿಹಾರದ ಲೆಕ್ಕ ನಿಂತಿರುವುದು ಬೇಸಾಯದ ಆದಾಯದ ಮೇಲೆ, ತೆಗೆದ ಅದಿರಿನ ಮೇಲಲ್ಲ. ಆ ವರ್ಷಗಳಿಗೂ ಪರಿಹಾರ ಸಲ್ಲಬೇಕೆಂಬ ವಾದ ಬಲವಾದುದು.

ಹರಾಜಿನಲ್ಲಿ ಗೆದ್ದವನಿಗೆ ೨೦೨೦ರಲ್ಲಿ ಸೇರಿ ೨೦೨೧ರಲ್ಲಿ ವಿಸ್ತರಿಸಿದ ೮ಬಿ ಕಲಂ ಒಂದು ಅನುಕೂಲ ಮಾಡಿಕೊಟ್ಟಿದೆ. ಹಿಂದಿನ ಗುತ್ತಿಗೆದಾರನಿಗೆ ನೀಡಿದ್ದ ಎಲ್ಲ ಸಿಂಧುವಾದ ಹಕ್ಕು, ಅನುಮೋದನೆ, ಅನುಮತಿ, ಪರವಾನಗಿಗಳು ಹೊಸಬನಿಗೆ ವರ್ಗವಾಗುತ್ತವೆ. ಈ ‘ಹಕ್ಕು’ ಎಂಬ ಪದದೊಳಗೆ ರೈತನು ಹಳೆಯ ಕಂಪನಿಗೆ ಬರೆದುಕೊಟ್ಟ ಮೇಲ್ಮೈ ಒಪ್ಪಿಗೆಯೂ ಸೇರುತ್ತದೆಯೆ? ಆ ಕಲಂ ಆಯಾ ಕಾನೂನುಗಳ ಷರತ್ತುಗಳಿಗೆ ಒಳಪಟ್ಟು ಎಂದು ಹೇಳುತ್ತದೆ. ಅಲ್ಲಿ ಉದ್ದೇಶಿಸಿರುವುದು ಸರ್ಕಾರದ ವಿವಿಧ ಇಲಾಖೆಗಳು ಕೊಟ್ಟ ಅನುಮತಿಗಳನ್ನು, ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬನಿಗೆ ಇಂತಿಷ್ಟು ಹಣಕ್ಕೆ ಬರೆದುಕೊಟ್ಟ ಕರಾರನ್ನಲ್ಲ ಎಂದು ಅರ್ಥೈಸುವುದು ಸಮಂಜಸ. ಹಾಗಲ್ಲವೆಂದರೆ ರೈತ ಒಬ್ಬನಿಗೆ ಕೊಟ್ಟ ಮಾತನ್ನು ಸಂಸತ್ತು ಇನ್ನೊಬ್ಬನಿಗೆ ದಾನ ಮಾಡಿದಂತಾಗುತ್ತದೆ.

ಈ ನಾಲ್ಕನೆಯ ದಾರಿಗೆ ಸಂಬಂಧಿಸಿದ ಇನ್ನೊಂದು ಲೆಕ್ಕ ಊರಿಗೆ ಊರೇ ತಿಳಿಯಬೇಕಾದುದು. ೨೦೧೫ರ ತಿದ್ದುಪಡಿಯ ೯ಬಿ ಕಲಮಿನಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಗಣಿಬಾಧಿತ ಜನರ ಹಿತವೇ ಅವುಗಳ ಉದ್ದೇಶ. ೨೦೧೫ರ ಜನವರಿ ೧೨ಕ್ಕಿಂತ ಹಿಂದಿನ ಗುತ್ತಿಗೆದಾರ ತಾನು ಕೊಡುವ ರಾಜಧನದ ಶೇ. ೩೦ರಷ್ಟನ್ನು ಈ ನಿಧಿಗೆ ಸೇರಿಸಬೇಕು. ಅನಂತರ ಹರಾಜಿನಲ್ಲಿ ಪಡೆದವನು ಶೇ. ೧೦ ಸೇರಿಸಿದರೆ ಸಾಕು. ಕಬ್ಬಿಣದ ಅದಿರಿನ ರಾಜಧನ ೨೦೧೪ರಿಂದ ಸರಾಸರಿ ಮಾರಾಟ ಬೆಲೆಯ ಶೇ. ೧೫. ನೂರು ರೂಪಾಯಿ ಬೆಲೆಯ ಅದಿರಿಗೆ ಹಳೆಯ ಗುತ್ತಿಗೆಯಲ್ಲಿ ಪ್ರತಿಷ್ಠಾನಕ್ಕೆ ಬರುತ್ತಿದ್ದುದು ನಾಲ್ಕೂವರೆ ರೂಪಾಯಿ, ಹೊಸ ಗುತ್ತಿಗೆಯಲ್ಲಿ ಬರುವುದು ಒಂದೂವರೆ. ಹರಾಜಿನ ಹೆಚ್ಚುವರಿ ಹಣ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಗುಡ್ಡವೂ ಧೂಳೂ ಅದೇ, ಗುತ್ತಿಗೆ ಕೈಬದಲಾದ ಒಂದೇ ಕಾರಣಕ್ಕೆ ಬಾಧಿತ ಊರುಗಳ ಪಾಲು ಮೂರರಲ್ಲೊಂದಾಯಿತು. ಸರ್ವೋಚ್ಚ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಸುಮಾರು ೨೫ ಸಾವಿರ ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆ ೨೦೨೨ರಲ್ಲಿ ಒಪ್ಪಿಗೆ ಪಡೆದುದು ಸಮಾಧಾನದ ವಿಷಯ. ಆದರೆ ಅದು ಪ್ರದೇಶದ ಪುನಶ್ಚೇತನಕ್ಕೆ ಮೀಸಲಾದ ಹಣ, ಸರ್ವೆ ನಂಬರಿನ ಬಾಕಿಗೆ ಬದಲಿಯಲ್ಲ.

ಅದಿರಿನಾಚೆ

ರೈತನೇ ಗುತ್ತಿಗೆ ಕೊಡುವವನಾಗಿ ಸಹಿ ಹಾಕುವ ಸಂದರ್ಭವೂ ಈ ತಾಲ್ಲೂಕುಗಳಲ್ಲಿ ಉಂಟು. ಜೋಗಿಮಟ್ಟಿಯಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಅರಣ್ಯದ ಭಾಗವನ್ನು ಬಿಟ್ಟರೆ ಉಳಿದ ಕಡೆ ಯಂತ್ರದ ತಳಕ್ಕೋ ದಾರಿಗೋ ತಂತಿಕಂಬಕ್ಕೋ ಖಾಸಗಿ ಭೂಮಿ ಬೇಕಾಗುತ್ತದೆ. ಇಲ್ಲಿ ಅನ್ವಯಿಸುವುದು ಸ್ವತ್ತು ವರ್ಗಾವಣೆ ಅಧಿನಿಯಮ ೧೮೮೨. ಅದರ ೧೦೮ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಗುತ್ತಿಗೆದಾರ ತನ್ನ ಹಕ್ಕನ್ನು ಯಾರಿಗೆ ಬೇಕಾದರೂ ಕೊಡಬಹುದು, ಆದರೆ ಕೊಟ್ಟ ಮಾತ್ರಕ್ಕೆ ಅವನು ತನ್ನ ಹೊಣೆಯಿಂದ ಮುಕ್ತನಾಗುವುದಿಲ್ಲ. ‘ಲಿಖಿತ ಒಪ್ಪಿಗೆಯಿಲ್ಲದೆ ವರ್ಗಾಯಿಸಕೂಡದು’ ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಇಡೀ ಸ್ಥಿತಿ ಬದಲಾಗುತ್ತದೆ. ಗಣಿಯ ವಿಷಯದಲ್ಲಿ ರೈತನಿಗಿಲ್ಲದ ಈ ಶಕ್ತಿ ಗಾಳಿಯ ವಿಷಯದಲ್ಲಿ ಅವನ ಕೈಯಲ್ಲೇ ಇದೆ. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಮಂಜೂರಾದ ಭೂಮಿಯಾದರೆ ೧೯೭೮ರ ಅಧಿನಿಯಮ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಗುತ್ತಿಗೆಯೂ ಪರಭಾರೆಯೇ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾಡಿದ್ದು ಶೂನ್ಯ, ಮೊದಲ ಕಂಪನಿಗೇ ಇಲ್ಲದ ಹಕ್ಕು ಎರಡನೆಯದಕ್ಕೆ ಬರುವುದಿಲ್ಲ.

ನೆರೆಯ ಪಾವಗಡದಲ್ಲಿ ಬೇರೊಂದು ಕ್ರಮ ಜಾರಿಗೆ ಬಂದಿತು. ತಿರುಮಣಿ, ವಳ್ಳೂರು ಮೊದಲಾದ ಊರುಗಳ ಸುಮಾರು ೧೩ ಸಾವಿರ ಎಕರೆಯನ್ನು ಸೌರ ಉದ್ಯಾನಕ್ಕಾಗಿ ರೈತರಿಂದ ೨೮ ವರ್ಷಕ್ಕೆ ಗುತ್ತಿಗೆ ಪಡೆದುದು ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ. ಎಕರೆಗೆ ವರ್ಷಕ್ಕೆ ೨೧ ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. ೫ರ ಏರಿಕೆ. ವಿದ್ಯುತ್ ಉತ್ಪಾದಿಸುವ ಕಂಪನಿಗಳಿಗೆ ಭೂಮಿ ಕೊಡುವುದು ನಿಗಮ. ಕಂಪನಿ ಬದಲಾದರೂ ರೈತನಿಗೆ ಹಣ ಕೊಡಬೇಕಾದವರು ಬದಲಾಗುವುದಿಲ್ಲ. ಆ ಯೋಜನೆಯ ಬಗ್ಗೆ ಭೂಮಿಯಿಲ್ಲದ ಕೂಲಿಗಳ ದೃಷ್ಟಿಯಿಂದ ಬೇರೆ ಟೀಕೆಗಳಿವೆ, ಅವು ನ್ಯಾಯವಾದವೂ ಹೌದು. ಹಸ್ತಾಂತರದ ಪ್ರಶ್ನೆಗೆ ಸೀಮಿತವಾಗಿ ಹೇಳುವುದಾದರೆ ಇದಕ್ಕಿಂತ ಸರಳವಾದ ರಕ್ಷಣೆ ಕಾಣುವುದಿಲ್ಲ.

ಅನಿಲದ ವಿಷಯ ಚಿಕ್ಕದು. ದಾಭೋಳ–ಬೆಂಗಳೂರು ಅನಿಲ ಕೊಳವೆ ಚಿತ್ರದುರ್ಗ ಜಿಲ್ಲೆಯ ಮೂಲಕ ಹಾದುಹೋಗಿದೆ. ಇದಕ್ಕೆ ಅನ್ವಯಿಸುವ ೧೯೬೨ರ ಕೊಳವೆಮಾರ್ಗ ಅಧಿನಿಯಮದಲ್ಲಿ ಭೂಮಿಯ ಒಡೆತನ ರೈತನಲ್ಲೇ ಉಳಿದು ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಹಾನಿಯ ಪರಿಹಾರದ ಜೊತೆಗೆ ಭೂಮಿಯ ಮಾರುಕಟ್ಟೆ ಬೆಲೆಯ ಶೇ. ೧೦ ಒಂದೇ ಬಾರಿಗೆ ಸಿಗುತ್ತದೆ. ಅನಂತರ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಈ ನಿರ್ಬಂಧ ನೆಲಕ್ಕೆ ಅಂಟಿಕೊಂಡದ್ದು, ಕಂಪನಿಗೆ ಅಲ್ಲ. ಚಿತ್ರದುರ್ಗ–ದಾವಣಗೆರೆಗಳ ನಗರ ಅನಿಲ ವಿತರಣೆಯ ಅಧಿಕಾರ ಪಡೆದಿದ್ದ ಯೂನಿಸನ್ ಎನ್ವಿರೋ ಕಂಪನಿಯನ್ನು ೨೦೨೪ರ ಫೆಬ್ರವರಿಯಲ್ಲಿ ಮುಂಬಯಿಯ ಮಹಾನಗರ್ ಗ್ಯಾಸ್ ಕೊಂಡುಕೊಂಡಿತು. ಇದು ಮೇಲೆ ಹೇಳಿದ ಷೇರು ಮಾರಾಟದ ದಾರಿಯೇ, ಅನುಮತಿ ಪಡೆದಿದ್ದ ಕಂಪನಿಯ ಹೊಣೆಗಳು ಈ ಕೊಳ್ಳುವಿಕೆಯಿಂದ ಅಳಿಯಲಿಲ್ಲ.

ಈ ಎಲ್ಲ ದಾರಿಗಳಲ್ಲಿಯೂ ಹಕ್ಕು ನಿಲ್ಲುವುದು ದಾಖಲೆಯ ಮೇಲೆ. ಗಣಿ ಗುತ್ತಿಗೆಯ ದಾಖಲೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಗುತ್ತಿಗೆ ಸಂಖ್ಯೆಯ ಅಡಿಯಲ್ಲಿರುತ್ತದೆ, ಹೊಲದ ದಾಖಲೆ ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರಿನ ಅಡಿಯಲ್ಲಿ. ಎರಡನ್ನೂ ಜೋಡಿಸುವ ಎಳೆ ಇಲ್ಲದಿರುವುದೇ ಹೊಸ ಗುತ್ತಿಗೆದಾರನ ಹೆಸರು ಹಳ್ಳಿಗೆ ತಡವಾಗಿ ತಿಳಿಯಲು ಮುಖ್ಯ ಕಾರಣ. ಪಹಣಿಯ ೧೧ನೆಯ ಅಂಕಣ ಇತರ ಹಕ್ಕು ಮತ್ತು ಋಣಗಳಿಗಾಗಿಯೇ ಇದೆ. ಬ್ಯಾಂಕಿನ ಬೆಳೆಸಾಲ ಅಲ್ಲಿ ತಪ್ಪದೆ ನಮೂದಾಗುತ್ತದೆ. ಮೇಲ್ಮೈ ಒಪ್ಪಿಗೆಯ ದಿನಾಂಕ, ಗುತ್ತಿಗೆ ಸಂಖ್ಯೆ, ಗುತ್ತಿಗೆದಾರನ ಹೆಸರು ಮತ್ತು ವಾರ್ಷಿಕ ಪರಿಹಾರದ ಮೊತ್ತಗಳನ್ನೂ ಅದೇ ಅಂಕಣದಲ್ಲಿ ಬರೆಸಿ, ವರ್ಗಾವಣೆಯಾದಾಗ ಖಾತೆ ಬದಲಾವಣೆಯಂತೆಯೇ ಊರಿನಲ್ಲಿ ನೋಟಿಸು ಹೊರಡಿಸಲು ಹೊಸ ಕಾನೂನೇನೂ ಬೇಕಿಲ್ಲ, ಕಂದಾಯ ಮತ್ತು ಗಣಿ ಇಲಾಖೆಗಳ ನಡುವೆ ಒಂದು ಸುತ್ತೋಲೆ ಸಾಕು.